ತೆರೆಮರೆಯ ಕಾವಲುಗಾರ ಆರ್.ಎನ್. ಕಾವ್

ದೇಶದ ಹೊರಗಿನ ಬೇಹುಗಾರಿಕೆ ನೋಡಿಕೊಳ್ಳುವ ‘ರಾ’ ಸಂಸ್ಥೆಯನ್ನು ಕಟ್ಟಿ ಬೆಳೆಸಿದವರು ರಾಮೇಶ್ವರ ನಾಥ್ ಕಾವ್. ಕಾಶ್ಮೀರಿ ಪಂಡಿತ ಮನೆತನದ ಅವರು ಹುಟ್ಟಿದ್ದು 1918ರ ಮೇ 10ರಂದು, ಬನಾರಸಿನಲ್ಲಿ. 1940ರಲ್ಲಿ ಪೊಲೀಸ್ ಸೇವೆಗೆ ಸೇರಿದರು. ಸ್ವಾತಂತ್ರ್ಯ ಬಂದ ಹೊತ್ತಿಗೆ ಗುಪ್ತಚರ ದಳ, ಅಂದರೆ ಐಬಿಗೆ ಬಂದರು. ಪ್ರಧಾನಿ ನೆಹರು ಅವರ ಭದ್ರತೆಯ ಹೊಣೆಯನ್ನೂ ಹೊತ್ತಿದ್ದರು.

1955ರಲ್ಲಿ ಬಾಂಡುಂಗ್ ಸಮ್ಮೇಳನಕ್ಕೆ ಚೀನಾದ ಪ್ರತಿನಿಧಿಗಳನ್ನು ಕರೆದೊಯ್ಯುತ್ತಿದ್ದ ಏರ್ ಇಂಡಿಯಾದ ‘ಕಾಶ್ಮೀರ್ ಪ್ರಿನ್ಸೆಸ್’ ವಿಮಾನ ಬಾಂಬಿಗೆ ಸಿಕ್ಕಿ ಸಮುದ್ರಕ್ಕೆ ಬಿತ್ತು. ಆ ತನಿಖೆಯಲ್ಲಿ ಕಾವ್ ಅವರ ಕೆಲಸ ಹೆಸರು ತಂದಿತು. ಮುಂದೆ ಆಫ್ರಿಕಾದ ಘಾನಾ ದೇಶಕ್ಕೆ ಹೋಗಿ, ಅಲ್ಲಿ ಗುಪ್ತಚರ ವ್ಯವಸ್ಥೆ ಕಟ್ಟಲು ನೆರವಾದರು.

ಆಗ ದೇಶದ ಒಳಗಿನ, ಹೊರಗಿನ ಸುದ್ದಿಗಳೆರಡನ್ನೂ ಐಬಿಯೇ ಕಲೆಹಾಕಬೇಕಿತ್ತು. 1962ರ ಚೀನಾ ಯುದ್ಧ, 1965ರ ಪಾಕಿಸ್ತಾನ ಯುದ್ಧಗಳು ಈ ಏರ್ಪಾಡಿನ ಕೊರತೆಯನ್ನು ಬಯಲಿಗೆ ತಂದವು. 1968ರ ಸೆಪ್ಟೆಂಬರಿನಲ್ಲಿ ಇಂದಿರಾ ಗಾಂಧಿ ಸರ್ಕಾರ ಹೊರದೇಶಗಳ ಕೆಲಸವನ್ನು ಬೇರ್ಪಡಿಸಿ ‘ರಾ’ ಸ್ಥಾಪಿಸಿತು. ಐಬಿಯಿಂದ ಬಂದ ಸುಮಾರು 250 ಮಂದಿಯೊಂದಿಗೆ ಕಾವ್ ಕೆಲಸ ಶುರುಮಾಡಿದರು. ಸಂಸ್ಥೆ ನೇರವಾಗಿ ಪ್ರಧಾನಿಗೇ ವರದಿ ಒಪ್ಪಿಸುತ್ತಿತ್ತು.

ಮೂರೇ ವರ್ಷಕ್ಕೆ ಪರೀಕ್ಷೆ ಎದುರಾಯಿತು. 1971ರ ಬಾಂಗ್ಲಾ ವಿಮೋಚನೆಯ ವೇಳೆ ಸೇನೆಗೆ ಮಾಹಿತಿ, ಮುಕ್ತಿವಾಹಿನಿಗೆ ನೆರವು ಒದಗಿಸುವಲ್ಲಿ ‘ರಾ’ ದುಡಿಯಿತು. ಆದರೆ ಸುದ್ದಿ ತಲುಪಿಸುವುದು ಬೇರೆ, ಕೇಳುವವರು ನಂಬುವುದು ಬೇರೆ. ಷೇಖ್ ಮುಜೀಬರಿಗೆ ಅವರದೇ ಸೇನೆಯಿಂದ ಅಪಾಯವಿದೆಯೆಂದು ಕಾವ್ ಎಚ್ಚರಿಸಿದ್ದರು. ಮುಜೀಬರು ಅದನ್ನು ನಂಬಲಿಲ್ಲ. 1975ರ ಆಗಸ್ಟ್ 15ರಂದು ಅವರ ಹತ್ಯೆಯಾಯಿತು.

ಪ್ರಧಾನಿಯೊಬ್ಬರಿಗೇ ಹತ್ತಿರವಿದ್ದುದರ ಬೆಲೆಯನ್ನು ಕಾವ್ ತೆರಬೇಕಾಯಿತು. ತುರ್ತುಪರಿಸ್ಥಿತಿಯ ನಂತರ, 1977ರಲ್ಲಿ ಅಧಿಕಾರಕ್ಕೆ ಬಂದ ಜನತಾ ಸರ್ಕಾರ ‘ರಾ’ವನ್ನು ಸಂಶಯದಿಂದ ನೋಡಿತು. ಕಾವ್ ಹುದ್ದೆ ಬಿಟ್ಟರು, ಸಂಸ್ಥೆಯ ಹಣಕ್ಕೂ ಕತ್ತರಿ ಬಿತ್ತು. ಇಂದಿರಾ ಮತ್ತೆ ಗೆದ್ದ ಮೇಲೆ ಭದ್ರತಾ ಸಲಹೆಗಾರರಾಗಿ ಮರಳಿ, ಬೇಹು ಸಂಸ್ಥೆಗಳ ನಡುವೆ ಹೊಂದಾಣಿಕೆ ತರುವ ಕೆಲಸಕ್ಕೆ ಕೈಹಾಕಿದರು.

ಎರಡು ರಾಜ್ಯಗಳ ಪೊಲೀಸರು ಮಾತಾಡಿಕೊಳ್ಳದಿದ್ದರೆ ಕಳ್ಳ ಗಡಿ ದಾಟಿ ಪಾರಾಗುತ್ತಾನೆ ಎಂಬುದು ಗಡಿನಾಡಿನವರಿಗೆ ತಿಳಿದದ್ದೇ. ದೇಶದ ಬೇಹು ಸಂಸ್ಥೆಗಳ ಪಾಡೂ ಅದೇ. ಒಂದಕ್ಕೆ ತಿಳಿದದ್ದು ಇನ್ನೊಂದಕ್ಕೆ ತಲುಪದ ತೊಂದರೆ 1999ರ ಕಾರ್ಗಿಲ್ ಯುದ್ಧದ ಪರಿಶೀಲನೆಯಲ್ಲೂ ಕಂಡುಬಂತು.

ಪ್ರಚಾರದಿಂದ ಸದಾ ದೂರವೇ ಉಳಿದ ಕಾವ್ 2002ರ ಜನವರಿ 20ರಂದು ತೀರಿಕೊಂಡರು. ಅವರ ಫೋಟೋಗಳು ಸಿಗುವುದೇ ಅಪರೂಪ. ಅವರು ಕಟ್ಟಿದ ಸಂಸ್ಥೆ ಮಾತ್ರ ಇಂದಿಗೂ ಇದೆ.