ಕೋಡಿ ಬೀಳುವ ಮುನ್ನ

ವಿಶ್ವೇಶ್ವರಯ್ಯನವರ ಹೆಸರೆತ್ತಿದೊಡನೆ ಬಂಗಾರಪೇಟೆಯ ನನ್ನ ವಿದ್ಯಾರ್ಥಿಗಳು ಕನ್ನಂಬಾಡಿಯ ಕಟ್ಟೆಯನ್ನು ನೆನೆಯುತ್ತಾರೆ. ನೆನೆಯತಕ್ಕದ್ದೇ. ಆದರೆ ಆ ಮಹನೀಯರ ಆಯುಷ್ಯದ ದೊಡ್ಡದೊಂದು ಭಾಗ ಊರುಗಳ ಮೋರಿ, ಒಳಚರಂಡಿ, ಕೊಳಚೆ ನೀರುಗಳ ಚಿಂತೆಯಲ್ಲಿ ಸಂದಿತೆಂದು ನಾನು ಹೇಳಿದರೆ ತರಗತಿಯಲ್ಲಿ ಮುಸಿಮುಸಿ ನಗೆ ಏಳುತ್ತದೆ. ಚರಂಡಿಯ ಮಾತು ನಮ್ಮ ಜೀವನಚರಿತ್ರೆಗಳಿಗೆ ಏಕೋ ಒಗ್ಗಿಬಂದಿಲ್ಲ.

ಅವರು ಹುಟ್ಟಿದ ಮುದ್ದೇನಹಳ್ಳಿ ಇಂದು ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದ್ದರೂ 2007ರವರೆಗೆ ನಮ್ಮ ಕೋಲಾರ ಜಿಲ್ಲೆಯದೇ ಆಗಿತ್ತು. ತುಂಬಿ ಹರಿಯುವ ಹೊಳೆಯಿಲ್ಲದ ಸೀಮೆ ಇದು. ಕೆರೆಯೇ ಇಲ್ಲಿಯ ಜೀವ. ಕೆರೆ ಕೋಡಿ ಬಿದ್ದರೆ ಹಬ್ಬ, ಏರಿ ಒಡೆದರೆ ಸರ್ವನಾಶ. ಇಂಥ ನೆಲದ ಹುಡುಗ ಬೆಂಗಳೂರು, ಪುಣೆಗಳಲ್ಲಿ ಓದಿ 1884ರಲ್ಲಿ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯನ್ನು ಸೇರಿದರು. ಸಿಂಧ್ ಪ್ರಾಂತದ ಸಕ್ಕರ್ ಪಟ್ಟಣಕ್ಕೆ ಕುಡಿಯುವ ನೀರನ್ನು ಒದಗಿಸಿದರು. ಮುಂದೆ ಆ ಸರ್ಕಾರದ ನೈರ್ಮಲ್ಯ ಎಂಜಿನಿಯರೂ ಆದರು. 1906ರಲ್ಲಿ ಏಡನ್ನಿನ ನೀರು ಮತ್ತು ಚರಂಡಿಗಳ ವ್ಯವಸ್ಥೆಯನ್ನು ಪರಿಶೀಲಿಸಲು ಕಡಲು ದಾಟಿದರು.

ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯದಲ್ಲಿ 1903ರಲ್ಲಿ ಅವರು ಅಳವಡಿಸಿದ ಸ್ವಯಂಚಾಲಿತ ಬಾಗಿಲುಗಳ ಬಗೆಗೆ ಎರಡು ಮಾತು ಹೆಚ್ಚಾಗಿಯೇ ಹೇಳಬೇಕು. ನೀರು ಗೊತ್ತಾದ ಮಟ್ಟವನ್ನು ಮುಟ್ಟಿದೊಡನೆ ಬಾಗಿಲು ತಾನಾಗಿ ತೆರೆದುಕೊಳ್ಳುವುದು. ಇಳಿದೊಡನೆ ತಾನಾಗಿ ಮುಚ್ಚಿಕೊಳ್ಳುವುದು. ನಡುರಾತ್ರಿಯ ಮಳೆಯಲ್ಲಿ ಕಾವಲುಗಾರ ಎಚ್ಚರವಿರಲಿ, ಮಲಗಿರಲಿ, ನೀರೇ ತನ್ನ ಕಾವಲನ್ನು ತಾನು ಕಾಯುತ್ತಿತ್ತು. ಉಕ್ಕಿದ ಮೇಲೆ ಓಡುವುದಲ್ಲ, ಉಕ್ಕುವ ಮುನ್ನ ಅರಿಯುವುದು ಅವರ ಮನೋಧರ್ಮ.

ಅದರ ದೊಡ್ಡ ಪರೀಕ್ಷೆ ನಡೆದದ್ದು ಹೈದರಾಬಾದಿನಲ್ಲಿ. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಸಾವಿರಾರು ಜನರನ್ನು ಕೊಚ್ಚಿಕೊಂಡು ಹೋಯಿತು. ಮರುವರ್ಷ ನಿಜಾಮ ಸರ್ಕಾರದ ಕರೆಯಂತೆ ಬಂದ ವಿಶ್ವೇಶ್ವರಯ್ಯನವರು ಮೊದಲು ಕೈಗೆತ್ತಿಕೊಂಡದ್ದು ಗಾರೆ ಕಲ್ಲುಗಳನ್ನಲ್ಲ, ಮಳೆಯ ಲೆಕ್ಕವನ್ನು. ಎಲ್ಲಿ ಎಷ್ಟು ಅಂಗುಲ ಸುರಿಯಿತು, ಮೇಲಣ ಸೀಮೆಯಲ್ಲಿ ಎಷ್ಟು ಕೆರೆಗಳು ಒಡೆದವು ಎಂದು ಅಂಕಿಗಳನ್ನು ಕಲೆಹಾಕಿದರು. ಅಲ್ಲಿದ್ದ 788 ಕೆರೆಗಳಲ್ಲಿ 221 ಒಡೆದಿದ್ದವು. ನಗರದ ಮೇಲ್ಗಡೆಯೇ ಪ್ರವಾಹವನ್ನು ತಡೆದು, ನದಿ ತಾಳುವಷ್ಟನ್ನೇ ಬಿಡಬೇಕೆಂಬ ಯೋಜನೆ ಹೀಗೆ ರೂಪುಗೊಂಡಿತು. 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಸಿದ್ಧವಾದವು. ಜೊತೆಗೆ ಅವರು ಊರಿಗೊಂದು ಒಳಚರಂಡಿಯ ಯೋಜನೆಯನ್ನೂ ಮಾಡಿಕೊಟ್ಟರು. ಜಲಾಶಯಗಳ ಖ್ಯಾತಿಯಲ್ಲಿ ಇದು ಮರೆಗೆ ಸರಿಯಿತು.

ಈಚೆಗೆ ಕೆಲವು ನಗರಗಳಲ್ಲಿ ಮ್ಯಾನ್‌ಹೋಲಿನ ಮುಚ್ಚಳದಡಿ ನೀರಿನ ಮಟ್ಟವನ್ನು ಅಳೆಯುವ ಸಾಧನಗಳನ್ನಿಟ್ಟು, ಮಳೆಯ ಅಂಕಿಗಳೊಡನೆ ಅದನ್ನು ಹೋಲಿಸಿ, ಮೋರಿ ಎಲ್ಲಿ ಕಟ್ಟಿಕೊಂಡೀತು, ಎಂದು ಉಕ್ಕೀತು ಎಂಬುದನ್ನು ಗಣಕಯಂತ್ರ ಮುಂದಾಗಿ ತಿಳಿಸುವ ಏರ್ಪಾಡು ಬಂದಿದೆ. ಉಪಕರಣ ಹೊಸದು; ಲೆಕ್ಕದ ಜಾಡು ಮೂಸಿಯ ದಡದ್ದೇ.

1909ರ ಕೊನೆಗೆ ಅವರು ಮೈಸೂರಿನ ಮುಖ್ಯ ಎಂಜಿನಿಯರಾದರು, 1912ರಲ್ಲಿ ದಿವಾನರು. ಶಿವನಸಮುದ್ರದ ವಿದ್ಯುತ್ತು 1902ರಿಂದಲೇ ನಮ್ಮ ಚಿನ್ನದ ಗಣಿಗಳನ್ನು ನಡೆಸುತ್ತಿತ್ತು. ಬೇಸಗೆಯಲ್ಲಿ ಕಾವೇರಿ ಸೊರಗಿದರೂ ಗಣಿಗಳಿಗೆ ವಿದ್ಯುತ್ತು ತಪ್ಪಬಾರದೆಂಬುದು 1911ರಲ್ಲಿ ಕನ್ನಂಬಾಡಿಯ ಕೆಲಸ ಆರಂಭವಾಗಲು ಒಂದು ಮುಖ್ಯ ಕಾರಣ. ಹೀಗೆ ಅವರ ದೂರದೃಷ್ಟಿ ನಮ್ಮ ಊರಿನ ಪಾತಾಳದವರೆಗೂ ತಲುಪಿತು.

ಆದರೆ ನೆಲದ ಮೇಲೆ, ಗಣಿಕಾರ್ಮಿಕರ ಲೈನ್ ಮನೆಗಳ ಪಾಯಿಖಾನೆಗಳನ್ನು ಮನುಷ್ಯರು ಬರಿಗೈಯಿಂದ ಬಳಿಯುತ್ತಲೇ ಇದ್ದರು. ಆ ಕೆಲಸದಲ್ಲಿದ್ದ ಮನೆತನವೊಂದರಲ್ಲಿ 1966ರಲ್ಲಿ ಇದೇ ಕೆ.ಜಿ.ಎಫ್.ನಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಅದರ ವಿರುದ್ಧ ದೇಶವ್ಯಾಪಿ ಹೋರಾಟವನ್ನೇ ಕಟ್ಟಬೇಕಾಯಿತು. 1993ರಲ್ಲಿ ಒಂದು ಕಾಯಿದೆ, 2013ರಲ್ಲಿ ಮತ್ತೊಂದು ಬಂದವು. ಮೋರಿ ಕಟ್ಟಿಕೊಳ್ಳುವುದನ್ನು ಮುಂದಾಗಿ ಅರಿಯದ ಊರಿನಲ್ಲಿ ಕೊನೆಗೆ ಯಾರೋ ಒಬ್ಬ ಒಳಗಿಳಿಯಬೇಕಾಗುತ್ತದೆ. ವಿಷವಾಯುವಿಗೆ ಸಿಕ್ಕಿ ಸತ್ತವರ ಸುದ್ದಿ ಎರಡನೆಯ ಕಾಯಿದೆಯ ಬಳಿಕವೂ ನಿಂತಿಲ್ಲ.

ವಿಶ್ವೇಶ್ವರಯ್ಯನವರು 1918ರಲ್ಲಿ ದಿವಾನಗಿರಿಯನ್ನು ಬಿಟ್ಟರು. ನೂರು ತುಂಬಿ, 1962ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ರಾಜ್ಯವೊಂದರ ದಿವಾನರಾಗಿದ್ದ ಮೇಲೆಯೂ, ಹೈದರಾಬಾದಿನ ಒಳಚರಂಡಿಗಾಗಿ ಮತ್ತೆ ಕರೆ ಬಂದಾಗ, ಅದು ತಮ್ಮ ಘನತೆಗೆ ಕಡಮೆಯೆಂದು ಬಗೆಯದೆ ಅವರು ಹೊರಟುಹೋಗಿದ್ದರು.