ಎ. ಕೆ. ಎನ್. ರೆಡ್ಡಿ

ಅಮೂಲ್ಯ ಕುಮಾರ್ ಎನ್. ರೆಡ್ಡಿ (21 ಅಕ್ಟೋಬರ್ 1930 – 7 ಮೇ 2006) ಭಾರತದ ರಸಾಯನವಿಜ್ಞಾನಿ ಹಾಗೂ ಗ್ರಾಮೀಣ ಇಂಧನ ತಜ್ಞರು. ಬೆಂಗಳೂರಿನಲ್ಲಿ ಜನಿಸಿ, ಸೆಂಟ್ರಲ್ ಕಾಲೇಜಿನಲ್ಲಿ ವ್ಯಾಸಂಗ ಮಾಡಿದ ಇವರು 1958ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಿಂದ ಡಾಕ್ಟರೇಟ್ ಪಡೆದರು. 1966ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿದರು. ಜಾನ್ ಬೊಕ್ರಿಸ್ ಅವರೊಡನೆ ಬರೆದ ವಿದ್ಯುತ್-ರಸಾಯನಶಾಸ್ತ್ರದ ಗ್ರಂಥ 1970ರಲ್ಲಿ ಪ್ರಕಟವಾಯಿತು.

ಗ್ರಾಮೀಣ ತಂತ್ರಜ್ಞಾನ

ವಿದ್ಯುತ್-ರಸಾಯನಶಾಸ್ತ್ರದಲ್ಲಿ ಹೆಸರು ಗಳಿಸಿದ್ದಾಗಲೇ ರೆಡ್ಡಿಯವರು ಹಳ್ಳಿಗಳತ್ತ ಹೊರಳಿದರು. 1974ರಲ್ಲಿ ಸಂಸ್ಥೆಯೊಳಗೆ 'ಅಸ್ತ್ರ' ಕೇಂದ್ರವನ್ನು ಸ್ಥಾಪಿಸಿದರು. ಬೆರಣಿಯಾಗಿ ಸುಟ್ಟ ಸಗಣಿಯ ಸಾರಜನಕ ನಷ್ಟವಾಗುತ್ತದೆ. ಗೋಬರ್ ಅನಿಲ ಸ್ಥಾವರದಲ್ಲಿ ಇಂಧನವೂ ದೊರೆತು, ಗೊಬ್ಬರವೂ ಉಳಿಯುತ್ತದೆ. ಅಸ್ತ್ರದ ತಂಡವು ಪ್ರಚಲಿತ ಸ್ಥಾವರದ ಆಳವನ್ನು ತಗ್ಗಿಸಿ, ಅಗಲವನ್ನು ಹಿಗ್ಗಿಸಿ ನಿರ್ಮಾಣ ವೆಚ್ಚವನ್ನು ಇಳಿಸಿತು.

ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ ಸಮುದಾಯ ಸ್ಥಾವರದ ಪ್ರಯೋಗ ನಡೆಯಿತು. ಅಡುಗೆಗೆ ಅನಿಲ ಒದಗಿಸುವ ಮೊದಲ ಯೋಜನೆ ವಿಫಲವಾಯಿತು: ದೊರೆತ ಸಗಣಿಯಿಂದ ಎಲ್ಲ ಮನೆಗಳಿಗೆ ಸಾಲುವಷ್ಟು ಅನಿಲ ಬರಲಿಲ್ಲ. ಗ್ರಾಮಸ್ಥರಿಗೆ ಅದಕ್ಕಿಂತ ಮುಖ್ಯವಾಗಿದ್ದುದು ಕುಡಿಯುವ ನೀರು. ಆದುದರಿಂದ 1987ರಿಂದ ಅದೇ ಅನಿಲವನ್ನು ಅಲ್ಪ ಡೀಸೆಲ್‌ನೊಡನೆ ಎಂಜಿನ್ನಿನಲ್ಲಿ ಉರಿಸಿ, ವಿದ್ಯುತ್ ಉತ್ಪಾದಿಸಿ, ಕೊಳವೆಬಾವಿಯ ನೀರನ್ನೂ ಮನೆಗಳಿಗೆ ದೀಪವನ್ನೂ ಒದಗಿಸಲಾಯಿತು. ಸಗಣಿ ಕೊಟ್ಟವರಿಗೆ ಬಗ್ಗಡ ಗೊಬ್ಬರವಾಗಿ ಮರಳುತ್ತಿತ್ತು. ರೆಡ್ಡಿಯವರ ಕಾರ್ಯಗಳಲ್ಲಿ ಪುರದ ಪ್ರಯೋಗವೇ ಹೆಚ್ಚು ಚರ್ಚಿತವಾದುದು.

ನಂತರದ ವರ್ಷಗಳು

1991ರಲ್ಲಿ ನಿವೃತ್ತರಾಗಿ ಅಂತರರಾಷ್ಟ್ರೀಯ ಇಂಧನ ಉಪಕ್ರಮ ಸಂಸ್ಥೆಯನ್ನು ಮುನ್ನಡೆಸಿದರು. 2000ದಲ್ಲಿ ಗೋಲ್ಡೆಂಬರ್ಗ್, ಯೋಹಾನ್ಸನ್ ಮತ್ತು ವಿಲಿಯಮ್ಸ್ ಅವರೊಂದಿಗೆ ವೋಲ್ವೊ ಪರಿಸರ ಪ್ರಶಸ್ತಿಯನ್ನು ಹಂಚಿಕೊಂಡರು. ಅಸ್ತ್ರ ಕೇಂದ್ರವು ಮುಂದೆ ಸುಸ್ಥಿರ ತಂತ್ರಜ್ಞಾನಗಳ ಕೇಂದ್ರವೆಂದು ಮರುನಾಮಕರಣಗೊಂಡು, ಎಲೆ, ಹುಲ್ಲು ಮೊದಲಾದ ಕೃಷಿ ತ್ಯಾಜ್ಯದಿಂದ ಅನಿಲ ಪಡೆಯುವ ಸಂಶೋಧನೆಯನ್ನು ಮುಂದುವರಿಸಿತು.