ಇಮ್ಮಡಿ ವೀರಬಲ್ಲಾಳ ಮತ್ತು ಉಚ್ಚಂಗಿಯ ಪಾಂಡ್ಯರು

ಹೊಯ್ಸಳ ಇಮ್ಮಡಿ ವೀರಬಲ್ಲಾಳನನ್ನು ವಿಜೇತನೆಂದೇ ಚಿತ್ರಿಸುವುದು ಚರಿತ್ರಕಾರರ ವಾಡಿಕೆ. ಸೊರಟೂರಿನ ಕದನ, ಲೊಕ್ಕಿಗುಂಡಿಯ ನೆಲೆವೀಡು, ಸಾರ್ವಭೌಮ ಬಿರುದುಗಳು ಇವುಗಳ ನಡುವೆ ಅವನ ಆಳ್ವಿಕೆಯ ಆರಂಭದ ಕಹಿ ಮರೆಯಾಗಿದೆ. ಅವನು ಅಧಿಕಾರದ ಹಾದಿ ಹಿಡಿದದ್ದು ಹೆತ್ತ ತಂದೆಯ ವಿರುದ್ಧ ಬಂಡೆದ್ದು.

ಒಂದನೆಯ ನರಸಿಂಹನ ಕಾಲದಲ್ಲಿ ವಿಷ್ಣುವರ್ಧನನ ಗಳಿಕೆಗಳು ಒಂದೊಂದಾಗಿ ಸಡಿಲಗೊಂಡಿದ್ದವು. ಇದನ್ನು ಸಹಿಸದ ಏಚಲದೇವಿಯ ಮಗ ಬಲ್ಲಾಳ ದೋರಸಮುದ್ರವನ್ನು ತೊರೆದು, ಕೊಂಗಾಳ್ವ, ಚೆಂಗಾಳ್ವ ಮೊದಲಾದ ಮಲೆನಾಡಿನ ಅರಸರ ಬೆಂಬಲವನ್ನು ಕೂಡಿಸಿಕೊಂಡನು. 1173ರ ಜುಲೈನಲ್ಲಿ ಅವನಿಗೆ ಪಟ್ಟವಾಯಿತು. ಅರಮನೆಯೇ ಇಬ್ಭಾಗವಾಗಿದ್ದ ರಾಜ್ಯ ಅವನ ಕೈಗೆ ಬಂದಿತ್ತು.

ಈ ಹಿನ್ನೆಲೆಯಲ್ಲಿ ಉಚ್ಚಂಗಿಯ ಪ್ರಸಂಗವನ್ನು ನೋಡಬೇಕು. ಇಂದಿನ ಹರಪನಹಳ್ಳಿ ತಾಲ್ಲೂಕಿನಲ್ಲಿರುವ ಈ ಗಿರಿದುರ್ಗ ನೊಳಂಬವಾಡಿಯನ್ನಾಳಿದ ಪಾಂಡ್ಯರ ರಾಜಧಾನಿ. ವಿಷ್ಣುವರ್ಧನ ಇದನ್ನು ಗೆದ್ದಿದ್ದನಾದರೂ ಅವನ ತರುವಾಯ ಪಾಂಡ್ಯರು ಮತ್ತೆ ತಲೆಯೆತ್ತಿದ್ದರು. ಹನ್ನೆರಡು ವರ್ಷ ಮುತ್ತಿಗೆ ಹಾಕಿಯೂ ಚೋಳರು ಕೈಬಿಟ್ಟ ಕೋಟೆಯಿದೆಂದು ಹೊಯ್ಸಳ ಶಾಸನಗಳು ಹೊಗಳುತ್ತವೆ. ಗೆದ್ದವನ ಹಿರಿಮೆಗಾಗಿ ಕೋಟೆಯನ್ನು ಹೊಗಳುವುದು ಶಾಸನಕವಿಗಳ ಜಾಡಾದ್ದರಿಂದ ಈ ಮಾತನ್ನು ಅಕ್ಷರಶಃ ಗ್ರಹಿಸಬೇಕಾಗಿಲ್ಲ. 1177ರ ಸುಮಾರಿಗೆ ಬಲ್ಲಾಳ ಕೋಟೆಯನ್ನು ಹಿಡಿದನು. ಗಿರಿದುರ್ಗಮಲ್ಲ, ಶನಿವಾರಸಿದ್ಧಿ ಎಂಬ ಬಿರುದುಗಳನ್ನು ವಿದ್ವಾಂಸರು ಈ ಗೆಲುವಿಗೇ ಜೋಡಿಸಿದ್ದಾರೆ. ಬಿರುದುಗಳಿಗಿಂತ ಗಮನಾರ್ಹವಾದುದು ಮುಂದಿನ ನಡೆ. ಸೋತ ಕಾಮದೇವ ಪಾಂಡ್ಯ ಶರಣು ಬಂದಾಗ ಬಲ್ಲಾಳ ಅವನ ರಾಜ್ಯವನ್ನು ಅವನಿಗೇ ಮರಳಿಸಿದನು. ಇದನ್ನು ಬರಿಯ ಕರುಣೆ ಎನ್ನಲಾಗದು. ಉತ್ತರದಲ್ಲಿ ಕಲಚುರಿಗಳು ಚಾಲುಕ್ಯರ ಸಿಂಹಾಸನವನ್ನೇ ಆಕ್ರಮಿಸಿ ಕುಳಿತಿದ್ದ ಕಾಲವದು. ಬೆನ್ನ ಹಿಂದೆ ಸೇಡಿನ ನೆಲವನ್ನು ಉಳಿಸಿಕೊಂಡು ಆ ದಿಕ್ಕಿಗೆ ಸಾಗುವುದು ಸಾಧ್ಯವಿರಲಿಲ್ಲ. ಸಾಮಂತರ ನೆರವಿನಿಂದ ಮೇಲೆ ಬಂದವನಿಗೆ ಸಾಮಂತನೊಬ್ಬನ ಮಾನದ ಬೆಲೆಯೂ ತಿಳಿದಿತ್ತು.

ಆಸ್ಥಾನದಲ್ಲಿಯೂ ಇದೇ ಮನೋಧರ್ಮ ಕಾಣುತ್ತದೆ. ಶೈವನಾದ ಮಂತ್ರಿ ಚಂದ್ರಮೌಳಿಯ ಪತ್ನಿ, ಜೈನಳಾದ ಆಚಿಯಕ್ಕ 1181ರಲ್ಲಿ ಶ್ರವಣಬೆಳಗೊಳದಲ್ಲಿ ಕಟ್ಟಿಸಿದ ಬಸದಿಗೆ ಅರಸ ಗ್ರಾಮವನ್ನು ದತ್ತಿ ಬಿಟ್ಟನು. ಜನ್ನನಿಗೆ ಕವಿಚಕ್ರವರ್ತಿ ಪದವಿ ದೊರೆತದ್ದೂ ಅವನಿಂದಲೇ.

ಸುಮಾರು 1190ರಲ್ಲಿ ಚಾಲುಕ್ಯ ಸೇನಾನಿ ಬ್ರಹ್ಮನನ್ನೂ ಸೇವುಣ ಭಿಲ್ಲಮನನ್ನೂ ಸೋಲಿಸಿ, ಬಲ್ಲಾಳ ಸ್ವತಂತ್ರ ಸಾರ್ವಭೌಮನಾದನು. ಆದರೆ ಉತ್ತರದ ಈ ಗಳಿಕೆ ಬಾಳಲಿಲ್ಲ. ಸಿಂಘಣನ ಕಾಲಕ್ಕೆ ಅದರ ಬಹುಭಾಗ ಸೇವುಣರ ವಶವಾಯಿತು. 1220ರಲ್ಲಿ ಬಲ್ಲಾಳ ತೀರಿಕೊಂಡಾಗ ಅವನ ದಂಡನಾಯಕ ಕುವರಲಕ್ಷ್ಮ, ಪತ್ನಿ ಸುಗ್ಗಲದೇವಿ ಮತ್ತು ಗರುಡರೊಡನೆ ಪ್ರಾಣಾರ್ಪಣೆ ಮಾಡಿದನು. ಅದನ್ನು ಹೇಳುವ ಕಂಬ ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿ ಇದೆ.